ಹಳೆಯ ಸೈನಿಕ ಗುಂಡಿಗಳು: ಅವುಗಳ ಗುರುತೂ ಪರೀಕ್ಷೆಯೂ

ಕಳೆದ ಸಾಲಿನಲ್ಲಿ ನಮ್ಮ ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನವೊಂದನ್ನು ಏರ್ಪಡಿಸಿದ್ದುದು ನಿಮಗೆಲ್ಲ ನೆನಪಿರಬಹುದು. ಬಳಪದ ಕಲ್ಲಿನ ಮರಿಗೆ, ಸೇರು ಪಾವುಗಳು, ಓಲೆಗರಿಯ ಕಟ್ಟು ಮೊದಲಾದವುಗಳ ನಡುವೆ ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆಯವರು ತಂದಿದ್ದ ಹಿತ್ತಾಳೆಯ ಗುಂಡಿಯೊಂದು ಎಲ್ಲರ ಕಣ್ಣನ್ನೂ ಸೆಳೆಯಿತು. ಕೋಟಿಗೆ ಹಾಕುವ ಗುಂಡಿ. ಅಗಲದಲ್ಲಿ ಹಳೆಯ ನಾಲ್ಕಾಣೆಯಷ್ಟು. ನಡುವೆ ೩೩ ಎಂಬ ಅಂಕೆ. ಶ್ರೀರಂಗಪಟ್ಟಣದ ಕಡೆಗೆ ಹೋಗಿದ್ದಾಗ ಹಳೆಯ ಸಾಮಾನು ಮಾರುವವನೊಬ್ಬನಿಗೆ ೩,೦೦೦ ರೂಪಾಯಿ ಕೊಟ್ಟು ಅದನ್ನು ಕೊಂಡಿದ್ದರಂತೆ. ೧೭೯೯ರ ಮೇ ೪ರಂದು ಕೋಟೆಗೆ ನುಗ್ಗಿದ ಇಂಗ್ಲಿಷ್ ಸೋಜರನ ಕೋಟಿನಿಂದ ಕಿತ್ತು ಬಿದ್ದದ್ದು ಎಂದು ಮಾರುವವನು ಹೇಳಿದ್ದನಂತೆ.

“ಮೇಷ್ಟ್ರೇ, ನಿಜವಾದದ್ದೋ, ನನ್ನ ತಲೆಗೆ ಕಟ್ಟಿದ್ದೋ, ನೋಡಿ ಹೇಳಿ” ಎಂದು ಅವರು ಕೇಳಿದಾಗ ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆನು. ಇತಿಹಾಸ ಕಲಿಸುವವನಿಗೆ ಗುಂಡಿಯ ವಿಚಾರವೂ ತಿಳಿದಿರಬೇಕೆಂದು ಯಾವ ಪಠ್ಯಕ್ರಮವೂ ವಿಧಿಸಿಲ್ಲ. ಆದರೆ ಮೂರು ಸಾವಿರ ರೂಪಾಯಿ ಕೃಷಿಕರೊಬ್ಬರ ಪಾಲಿಗೆ ಸಣ್ಣ ಮೊತ್ತವಲ್ಲ. ಆದುದರಿಂದ ಆ ರಜೆಯನ್ನೆಲ್ಲ ನಾನು ಈ ವಿಷಯದ ಅಭ್ಯಾಸಕ್ಕೆ ಮೀಸಲಿಟ್ಟೆನು. ತಿಳಿದುಬಂದುದನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಮ್ಮ ಹೊಸೂರನ್ನು ಹಿಡಿಯಿತು. ೧೮೦೯ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಏರ್ಪಟ್ಟ ಮೇಲೆ ಅಲ್ಲಿಗೂ ಮದ್ರಾಸಿಗೂ ನಡುವೆ ಸೈನ್ಯಗಳು ಈ ಸೀಮೆಯಲ್ಲಿಯೇ ಹಾದು ಹೋದವು. ಹೊಲ ಉಳುವಾಗ ಇಂತಹ ಗುಂಡಿ ನಮ್ಮವರ ಕೈಗೆ ಸಿಗುವುದು ಆಶ್ಚರ್ಯವಲ್ಲ. ಅದರ ಹಿಂದೆಯೇ ಮಾರುವವರೂ ಕೊಳ್ಳುವವರೂ ಬರುವುದೂ ಆಶ್ಚರ್ಯವಲ್ಲ.

ಮೊದಲು ಗುಂಡಿಯ ಮೇಲಿನ ಅಂಕೆಯ ವಿಚಾರ. ಇಂಗ್ಲೆಂಡಿನ ಸೈನ್ಯದಲ್ಲಿ ರೆಜಿಮೆಂಟುಗಳಿಗೆ, ಅಂದರೆ ನಮ್ಮ ಹಿರಿಯರು ಪಟಾಲಂ ಎನ್ನುತ್ತಿದ್ದ ದಳಗಳಿಗೆ, ಒಂದು, ಎರಡು, ಮೂರು ಎಂಬ ಕ್ರಮಸಂಖ್ಯೆಗಳಿದ್ದವು. ಆ ಸಂಖ್ಯೆಯನ್ನು ಅಧಿಕಾರಿಗಳೂ ಸಿಪಾಯಿಗಳೂ ತಮ್ಮ ಗುಂಡಿಗಳ ಮೇಲೆ ಧರಿಸತಕ್ಕದ್ದೆಂದು ೧೭೬೭ರಲ್ಲಿ ರಾಜಾಜ್ಞೆಯಾಯಿತು. ಅದಕ್ಕೆ ಮುಂಚಿನ ಗುಂಡಿಗಳು ಬಹುತೇಕ ಬೋಳಾಗಿದ್ದವು. ಆದ್ದರಿಂದ ೧೭೯೯ರಲ್ಲಿ ೩೩ನೆಯ ರೆಜಿಮೆಂಟಿನ ಸಿಪಾಯಿಯ ಗುಂಡಿಯ ಮೇಲೆ ೩೩ ಎಂದಿರುವುದು ಸಹಜವೇ. ಆ ರೆಜಿಮೆಂಟು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದುದೂ ಸತ್ಯವೇ. ಅದರ ಕರ್ನಲನಾಗಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು. ಇಲ್ಲಿಯವರೆಗೆ ಮಾರಾಟಗಾರನ ಮಾತಿಗೆ ಯಾವ ಅಡ್ಡಿಯೂ ಇಲ್ಲ.

ಅಡ್ಡಿ ಬಂದದ್ದು ಲೋಹದಿಂದ. ಆ ಕಾಲದ ಸಾಮಾನ್ಯ ಸಿಪಾಯಿಯ ಗುಂಡಿ ಹಿತ್ತಾಳೆಯದಲ್ಲ, ಪ್ಯೂಟರಿನದು. ಪ್ಯೂಟರ್ ಎಂದರೆ ಮುಖ್ಯವಾಗಿ ತವರ, ಅದಕ್ಕೆ ಸೀಸ ಮೊದಲಾದವು ಬೆರೆತ ಬೂದು ಬಣ್ಣದ ಮೆತು ಲೋಹ. ಅದನ್ನು ಕರಗಿಸಿ ಅಚ್ಚಿಗೆ ಹೊಯ್ದು, ಬೆನ್ನಿಗೆ ಸಾಮಾನ್ಯವಾಗಿ ಕಬ್ಬಿಣದ ತಂತಿಯ ಕೊಂಡಿಯೊಂದನ್ನು ಕೂಡಿಸಿ ಒಂದೇ ಗಟ್ಟಿಯಾಗಿ ಎರಕ ಹೊಯ್ಯುತ್ತಿದ್ದರು. ಅಧಿಕಾರಿಗಳಿಗೆ ಮಾತ್ರ ಬೆಳ್ಳಿಯ ಅಥವಾ ಚಿನ್ನದ ಗಿಲೀಟಿನ ಗುಂಡಿಗಳು. ಮೂಳೆಯ ಇಲ್ಲವೆ ಮರದ ಬಿಲ್ಲೆಯೊಂದಕ್ಕೆ ತೆಳುವಾದ ಲೋಹದ ತಗಡನ್ನು ಮುಚ್ಚಿ ಅಂಚು ಮಡಿಸಿ, ಬಿಲ್ಲೆಯ ತೂತುಗಳಲ್ಲಿ ಪ್ರಾಣಿಯ ಕರುಳಿನ ದಾರವನ್ನು ಪೋಣಿಸಿ ಅವನ್ನು ಕೋಟಿಗೆ ಕಟ್ಟುತ್ತಿದ್ದರು. ೩೩ನೆಯ ರೆಜಿಮೆಂಟಿನ ಅಧಿಕಾರಿಗಳದು ಆಗ ಬೆಳ್ಳಿಯ ಅಲಂಕಾರ. ಹೀಗಿರುವಲ್ಲಿ, ೧೭೯೯ರ ೩೩ನೆಯ ರೆಜಿಮೆಂಟಿನಲ್ಲಿ ಹಿತ್ತಾಳೆಯ ಗುಂಡಿ ಯಾರ ಕೋಟಿನಲ್ಲಿತ್ತು? ಸಿಪಾಯಿಯದೂ ಅಲ್ಲ, ಅಧಿಕಾರಿಯದೂ ಅಲ್ಲ.

ಸಿಪಾಯಿಗಳಿಗೆ ಪ್ಯೂಟರಿನ ಬದಲಾಗಿ ಹಿತ್ತಾಳೆಯ ಗುಂಡಿ ಬಂದುದು ೧೮೫೫ರಲ್ಲಿ, ಕೋಟಿನ ಮಾದರಿಯನ್ನೇ ಬದಲಿಸಿದಾಗ. ಮುಂದೆ ೧೮೭೧ರಲ್ಲಿ ಪದಾತಿ ದಳದ ಸಿಪಾಯಿಗಳ ಗುಂಡಿಯಿಂದ ರೆಜಿಮೆಂಟಿನ ಸಂಖ್ಯೆಯನ್ನು ತೆಗೆದು, ಎಲ್ಲರಿಗೂ ಒಂದೇ ಬಗೆಯ ರಾಜಲಾಂಛನದ ಗುಂಡಿಯನ್ನು ಕೊಟ್ಟರು. ಅಂದಮೇಲೆ ಸಂಖ್ಯೆಯುಳ್ಳ ಸಿಪಾಯಿಯ ಹಿತ್ತಾಳೆ ಗುಂಡಿಗೆ ಇರುವ ಆಯುಷ್ಯ ೧೮೫೫ರಿಂದ ೧೮೭೧ರವರೆಗೆ, ಹದಿನಾರೇ ವರ್ಷ. ನಮ್ಮ ಗುಂಡಿಯನ್ನು ತಿರುಗಿಸಿ ನೋಡಿದೆನು. ಎರಡು ತಗಡುಗಳನ್ನು ಅಂಚಿನಲ್ಲಿ ಮಡಿಸಿ ಕೂಡಿಸಿದ ಟೊಳ್ಳು ಗುಂಡಿ. ಬೆನ್ನಿನ ಮೇಲೆ ವೃತ್ತಾಕಾರವಾಗಿ ಬರ್ಮಿಂಗ್‌ಹ್ಯಾಂ ನಗರದ ಕಾರ್ಖಾನೆಯೊಂದರ ಹೆಸರು. ಎಲ್ಲವೂ ಆ ಹದಿನಾರು ವರ್ಷಗಳಿಗೆ ಸರಿಹೊಂದುತ್ತವೆ. ೩೩ನೆಯ ರೆಜಿಮೆಂಟು ೧೮೫೭ರಿಂದ ೧೮೬೭ರವರೆಗೆ ಭಾರತದಲ್ಲಿಯೇ ಇದ್ದಿತು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು.

ಇದನ್ನು ಆ ತಂದೆಯವರಿಗೆ ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ದುಡ್ಡು ಹೋಯಿತು ಅನ್ನಿ” ಎಂದರು. “ಗುಂಡಿ ಎಲ್ಲಿಯೂ ಹೋಗಿಲ್ಲ, ಕಥೆ ಮಾತ್ರ ಹೋಯಿತು” ಎಂದು ನಾನು ಸಮಾಧಾನ ಹೇಳಿದೆನು. ಆದರೆ ಅವರು ಹಣ ಕೊಟ್ಟದ್ದು ಕಥೆಗೇ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಈ ವ್ಯಾಪಾರದಲ್ಲಿ ಅಪ್ಪಟ ನಕಲಿಯಿಂದ ಆಗುವ ಮೋಸ ಒಂದು ಬಗೆಯದಾದರೆ, ನಿಜವಾದ ವಸ್ತುವಿಗೆ ಸುಳ್ಳು ಕಥೆಯನ್ನು ಕಟ್ಟುವುದು ಇನ್ನೊಂದು ಬಗೆಯದು. ಎರಡನೆಯದನ್ನು ಹಿಡಿಯುವುದೇ ಹೆಚ್ಚು ಕಷ್ಟ. ಏಕೆಂದರೆ ವಸ್ತುವನ್ನು ನೋಡಿದವರೆಲ್ಲ ‘ಇದು ಹಳೆಯದೇ’ ಎಂದು ಸಾಕ್ಷಿ ಹೇಳುತ್ತಾರೆ.

ಗುಂಡಿಯ ಮುಖವನ್ನು ನೋಡುವುದಕ್ಕೆ ಮುಂಚೆ ಬೆನ್ನನ್ನು ನೋಡಬೇಕು. ಮುಖವನ್ನು ಎಲ್ಲರೂ ನೋಡುವರೆಂದು ತಿಳಿದೇ ನಕಲಿ ಮಾಡುವವನು ಅಲ್ಲಿ ತನ್ನ ಶ್ರಮವನ್ನೆಲ್ಲ ಹಾಕಿರುತ್ತಾನೆ. ಬೆನ್ನಿನಲ್ಲಿ ಕೊಂಡಿ ಯಾವ ಲೋಹದ್ದು, ಅದನ್ನು ಬೆಸುಗೆ ಹಾಕಿದೆಯೋ ಎರಕದಲ್ಲಿಯೇ ಕೂಡಿಸಿದೆಯೋ, ಗುಂಡಿ ಗಟ್ಟಿಯೋ ಟೊಳ್ಳೋ, ಅಕ್ಷರಗಳಿವೆಯೋ ಇಲ್ಲವೋ ಎಂಬುದನ್ನು ಭೂತಗನ್ನಡಿ ಹಿಡಿದು ನೋಡಬೇಕು. ಎರಡು ತಗಡುಗಳ ಟೊಳ್ಳು ಗುಂಡಿ ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಂತಹ ಗುಂಡಿಯನ್ನು ಹೈದರನ ಕಾಲದ್ದೆಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಬಹುದು.

ಬೆನ್ನಿನ ಅಕ್ಷರಗಳು ಸಾಮಾನ್ಯವಾಗಿ ತಯಾರಕರ ಹೆಸರು ಮತ್ತು ಊರು. ಲಂಡನ್ನಿನ ಫರ್ಮಿನ್, ಜೆನೆನ್ಸ್. ಬರ್ಮಿಂಗ್‌ಹ್ಯಾಮಿನ ಹ್ಯಾಮಂಡ್ ಟರ್ನರ್, ಸ್ಮಿತ್ ಅಂಡ್ ರೈಟ್, ಗಾಂಟ್ ಮೊದಲಾದ ಹೆಸರುಗಳು ಮೇಲಿಂದ ಮೇಲೆ ಕಾಣುತ್ತವೆ. ಒಂದೊಂದು ಸಂಸ್ಥೆಯೂ ಕಾಲಕಾಲಕ್ಕೆ ವಿಳಾಸವನ್ನೂ ಪಾಲುದಾರರನ್ನೂ ಬದಲಿಸಿದಂತೆಲ್ಲ ಬೆನ್ನಿನ ಬರಹವೂ ಬದಲಾಯಿತು. ಅನುಭವಿಗಳಾದ ಸಂಗ್ರಾಹಕರು ಅದರ ಮೇಲಿಂದಲೇ ಕಾಲವನ್ನು ಹೇಳಬಲ್ಲರು. ನಮ್ಮಂತಹ ಹೊಸಬರಿಗೆ ಅಷ್ಟು ಬೇಡ. ಒಂದು ಸಣ್ಣ ಮಾತು ಸಾಕು. ಹೆಸರಿನ ಕೊನೆಯಲ್ಲಿ ‘ಲಿಮಿಟೆಡ್’ ಎಂಬುದರ ಹ್ರಸ್ವರೂಪ ಇದೆಯೇ ನೋಡಿರಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಕಂಪೆನಿಗಳು ಆ ಪದವನ್ನು ಹೆಸರಿಗೆ ಸೇರಿಸಿಕೊಳ್ಳಲು ಅವಕಾಶವಾದುದು ೧೮೫೫ರ ಕಾನೂನಿನಿಂದ. ಆ ಮೂರು ಅಕ್ಷರಗಳಿದ್ದ ಗುಂಡಿ ಟಿಪ್ಪುವಿನ ಯುದ್ಧದಲ್ಲಿಯೂ ಇರಲಾರದು, ವಾಟರ್‌ಲೂ ಕದನದಲ್ಲಿಯೂ ಇರಲಾರದು. ಕೆಲವು ಹಳೆಯ ಗುಂಡಿಗಳ ಬೆನ್ನಿನಲ್ಲಿ ತಯಾರಕರ ಹೆಸರಿಗೆ ಬದಲಾಗಿ ‘ಮೂರು ಪಟ್ಟು ಗಿಲೀಟು’ ಎಂಬರ್ಥದ ಇಂಗ್ಲಿಷ್ ಹೊಗಳಿಕೆ ಇರುತ್ತದೆ. ಚಿನ್ನ ಕಡಮೆ ಹಾಕಿ ಹೆಚ್ಚು ಹೇಳಿಕೊಳ್ಳುವ ಚಾಳಿ ಆಗಲೂ ಇದ್ದುದರಿಂದ, ಕೊಳ್ಳುವವರಿಗೆ ಮೋಸವಾಗದಂತೆ ಅಲ್ಲಿನ ಪಾರ್ಲಿಮೆಂಟು ೧೭೯೬ರಲ್ಲಿ ಲೋಹದ ಗುಂಡಿಗಳಿಗೆಂದೇ ಒಂದು ಕಾನೂನನ್ನು ಮಾಡಬೇಕಾಯಿತು. ಗುಂಡಿಯ ವಿಷಯದಲ್ಲಿ ಮೋಸಹೋದವರು ನಾವೇ ಮೊದಲಿನವರಲ್ಲ ಎಂದು ಆ ತಂದೆಯವರಿಗೆ ಹೇಳಿದಾಗ ಅವರು ನಕ್ಕರು.

ಇನ್ನು ಅಂಕೆಯ ವಿಚಾರಕ್ಕೆ ಮತ್ತೆ ಬರೋಣ. ಇದರಲ್ಲಿ ಓದಿದವರೂ ಎಡವುತ್ತಾರೆ. ಉದಾಹರಣೆಗೆ ೭೩ ಎಂಬ ಅಂಕೆಯ ಗುಂಡಿಯೊಂದು ನಮ್ಮ ಸೀಮೆಯ ಹೊಲದಲ್ಲಿ ಸಿಕ್ಕಿತೆನ್ನೋಣ. ಹೈದರಾಲಿಯನ್ನು ೧೭೮೧ರಲ್ಲಿ ಪರಂಗಿಪೇಟೆಯ ಕದನದಲ್ಲಿ ಎದುರಿಸಿದ ಸ್ಕಾಟ್ಲೆಂಡಿನ ಮೆಕ್ಲಿಯಡ್ ಹೈಲ್ಯಾಂಡರುಗಳ ದಳಕ್ಕೆ ಆಗ ೭೩ನೆಯ ಸಂಖ್ಯೆ ಇತ್ತು. ೧೭೮೬ರಲ್ಲಿ ಅದೇ ದಳಕ್ಕೆ ೭೧ ಎಂಬ ಹೊಸ ಸಂಖ್ಯೆ ಬಂದಿತು. ಅದೇ ವರ್ಷ ೪೨ನೆಯ ರೆಜಿಮೆಂಟಿನ ಎರಡನೆಯ ಪಡೆಯನ್ನು ಬೇರ್ಪಡಿಸಿ ಅದಕ್ಕೆ ೭೩ ಎಂಬ ಸಂಖ್ಯೆಯನ್ನು ಕೊಟ್ಟರು. ೧೭೯೯ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ೭೩ ಈ ಎರಡನೆಯದು, ಮೊದಲನೆಯದಲ್ಲ. ೧೮೮೧ರಲ್ಲಿ ಇಂಗ್ಲಿಷ್ ಪದಾತಿ ದಳಗಳ ಸಂಖ್ಯೆಗಳನ್ನೆಲ್ಲ ಬಿಟ್ಟು ಪ್ರಾಂತಗಳ ಹೆಸರನ್ನು ಇಟ್ಟಾಗ ಆ ೭೩ ಕೂಡ ಮಾಯವಾಯಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ೧೯೦೩ರಲ್ಲಿ ಸೇನಾಪತಿ ಕಿಚನರನು ಭಾರತೀಯ ಸೈನ್ಯವನ್ನು ಒಂದೇ ಸರಣಿಗೆ ತಂದಾಗ ಮದ್ರಾಸಿನ ಪದಾತಿ ದಳಗಳ ಹಳೆಯ ಸಂಖ್ಯೆಗೆ ೬೦ನ್ನು ಕೂಡಿಸಿದರು. ೧೩ನೆಯ ಮದ್ರಾಸು ಪದಾತಿ ದಳ ೭೩ನೆಯ ಕರ್ನಾಟಿಕ್ ಇನ್‌ಫೆಂಟ್ರಿಯಾಯಿತು. ೧೯೨೨ರ ಪುನರ್ರಚನೆಯವರೆಗೆ ಆ ಸಂಖ್ಯೆ ಉಳಿಯಿತು. ಒಂದೇ ಅಂಕೆ, ಹೊತ್ತವರು ಮೂವರು, ಮೂವರೂ ದಕ್ಷಿಣ ಭಾರತದ ನೆಲವನ್ನು ತುಳಿದವರು. ಇವರಲ್ಲಿ ಯಾರ ಗುಂಡಿ ಎಂಬುದನ್ನು ಅಂಕೆ ಹೇಳಲಾರದು. ಪ್ಯೂಟರಿನ ಎರಕವೋ ಹಿತ್ತಾಳೆಯ ತಗಡೋ ಎಂಬುದನ್ನು ನೋಡಿದ ಕ್ಷಣವೇ ಮೂರನೆಯವನು ಮೊದಲಿನ ಇಬ್ಬರಿಂದ ಬೇರೆಯಾಗುತ್ತಾನೆ. ಮೊದಲಿನ ಇಬ್ಬರನ್ನು ತಮ್ಮತಮ್ಮೊಳಗೆ ಬೇರ್ಪಡಿಸಲು ಅಂಕೆಯ ಸುತ್ತಲಿನ ಅಲಂಕಾರವನ್ನು ವಸ್ತುಸಂಗ್ರಹಾಲಯಗಳ ಖಚಿತ ಮಾದರಿಗಳೊಡನೆ ಹೋಲಿಸಬೇಕು.

ಇದೇ ಬಗೆಯ ಇನ್ನೊಂದು ಬಲೆ ೯೪. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ‘ಸ್ಕಾಚ್ ಬ್ರಿಗೇಡ್’ ಎಂಬ ದಳವಿತ್ತು. ಅದಕ್ಕೆ ೯೪ ಎಂಬ ಸಂಖ್ಯೆ ಸಿಕ್ಕಿದ್ದು ೧೮೦೨ರಲ್ಲಿ. ಪುಸ್ತಕಗಳಲ್ಲಿ ‘೯೪ನೆಯ ರೆಜಿಮೆಂಟು ಶ್ರೀರಂಗಪಟ್ಟಣದಲ್ಲಿ ಕಾದಿತು’ ಎಂದು ಬರೆದಿರುವುದನ್ನು ಓದಿದವನು, ೯೪ರ ಗುಂಡಿಯನ್ನು ಆ ದಿನದ್ದೆಂದು ನಂಬಿಬಿಡುತ್ತಾನೆ. ಆ ದಿನ ಆ ಸಿಪಾಯಿಗಳ ಗುಂಡಿಯ ಮೇಲೆ ಆ ಅಂಕೆ ಇರಲೇ ಇಲ್ಲ. ಕೋಟೆ ಬಿದ್ದ ಮೇಲೆಯೂ ಅನೇಕ ವರ್ಷ ಇಂಗ್ಲಿಷರ ಸೈನ್ಯ ಅಲ್ಲಿ ನೆಲೆಸಿದ್ದಿತು; ಕೋಟಿದ್ದಲ್ಲಿ ಗುಂಡಿ ಬೀಳುವುದಕ್ಕೆ ಯುದ್ಧವೇ ಬೇಕಿಲ್ಲ, ಸವೆದ ದಾರ ಸಾಕು.

ಅಂಕೆಯಿಲ್ಲದ ಗುಂಡಿಗಳಲ್ಲಿ ಕಿರೀಟ ನೆರವಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ, ಎಂದರೆ ೧೮೩೭ರಿಂದ ೧೯೦೧ರವರೆಗಿನ ಕಿರೀಟದ ಕಮಾನುಗಳು ಎರಡು ಪಕ್ಕಗಳಲ್ಲಿ ಭುಜವೆತ್ತಿದಂತಿದ್ದು ಮೇಲ್ಭಾಗ ಚಪ್ಪಟೆಯಾಗಿ ತೋರುವುದು. ೧೯೦೧ರಿಂದ ರಾಜರ ಆಳ್ವಿಕೆ ನಡೆದ ಅರ್ಧ ಶತಮಾನದಲ್ಲಿ ಕಮಾನುಗಳು ಬೋರಲು ಹಾಕಿದ ಬಟ್ಟಲಿನಂತೆ ದುಂಡಗೆ ಏರಿ ಕೂಡುತ್ತವೆ. ಎರಡನೆಯ ಎಲಿಜಬೆತ್ ರಾಣಿಯ ಕಾಲದ ಕಿರೀಟದಲ್ಲಿ ಕಮಾನುಗಳ ನಡುಭಾಗ ಒಳಕ್ಕೆ ತಗ್ಗಿರುತ್ತದೆ. ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೆತ್ತಿದ ಚಿತ್ರವಾದುದರಿಂದ ಹತ್ತಾರು ನಮೂನೆಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಬೇಕು. ಇಲ್ಲೊಂದು ಹೊಸ ತೊಡಕು ಬಂದಿದೆ: ೨೦೨೨ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸ್ ರಾಜನು ಮತ್ತೆ ಆ ದುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡಿದ್ದಾನೆ. ಆದ್ದರಿಂದ ದುಂಡು ಕಿರೀಟವನ್ನು ಕಂಡ ಮಾತ್ರಕ್ಕೆ ಮಹಾಯುದ್ಧದ ಕಾಲದ್ದೆಂದು ಇನ್ನು ಮುಂದೆ ಹೇಳುವಂತಿಲ್ಲ. ಲೋಹವನ್ನೂ ಬೆನ್ನನ್ನೂ ಕೇಳಿಯೇ ಹೇಳಬೇಕು. ನಮ್ಮ ದೇಶದ ಮಟ್ಟಿಗೆ ಗಡಿಕಲ್ಲು ೧೯೫೦ರ ಜನವರಿ ೨೬. ಅಂದು ಗಣರಾಜ್ಯದ ಲಾಂಛನವಾಗಿ ಅಶೋಕನ ಸಿಂಹಸ್ತಂಭದ ಶಿರೋಭಾಗ ಬಂದು, ನಮ್ಮ ಸೈನಿಕರ ಗುಂಡಿಗಳ ಮೇಲಿನ ಕಿರೀಟದ ಕಾಲ ಮುಗಿಯಿತು. ಇದಕ್ಕೂ ಹಿಂದಿನ ಈಸ್ಟ್ ಇಂಡಿಯಾ ಕಂಪೆನಿಯ ಗುರುತು, ಮುಂಗಾಲುಗಳಲ್ಲಿ ಕಿರೀಟವನ್ನು ಹಿಡಿದು ನಿಂತ ಸಿಂಹ. ಕಂಪೆನಿಯ ಆಡಳಿತ ೧೮೫೮ರಲ್ಲಿ ಕೊನೆಗೊಂಡಿತು.

ಇನ್ನು ಅಪ್ಪಟ ನಕಲಿಗಳು. ಹಳೆಯ ನಿಜವಾದ ಗುಂಡಿಯನ್ನೇ ಮಣ್ಣಿನಲ್ಲೋ ರಬ್ಬರಿನಲ್ಲೋ ಒತ್ತಿ ಅಚ್ಚು ತೆಗೆದು ಎರಕ ಹೊಯ್ಯುವುದು ಸಾಮಾನ್ಯವಾದ ಉಪಾಯ. ಕಾದ ಲೋಹ ಆರುವಾಗ ಕುಗ್ಗುತ್ತದೆ ಎಂಬುದನ್ನು ಭೌತವಿಜ್ಞಾನದ ಪಾಠದಲ್ಲಿ ಓದಿದ್ದೀರಷ್ಟೆ. ಆದ್ದರಿಂದ ಎರಕದ ನಕಲು ತನ್ನ ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ. ಇಂಗ್ಲೆಂಡಿನ ಗುಂಡಿ ವ್ಯಾಪಾರದಲ್ಲಿ ಅಗಲವನ್ನು ‘ಲೈನು’ಗಳಲ್ಲಿ ಹೇಳುವರು, ೪೦ ಲೈನಿಗೆ ಒಂದು ಅಂಗುಲ. ಖಚಿತ ಮಾದರಿಯ ಅಳತೆ ತಿಳಿದಿದ್ದರೆ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸಿನಿಂದ ಈ ವ್ಯತ್ಯಾಸವನ್ನು ಹಿಡಿಯಬಹುದು. ಅಚ್ಚಿನಲ್ಲಿ ಬಡಿದು ಮಾಡಿದ ಗುಂಡಿಯ ಗೆರೆಗಳು ಚೂಪಾಗಿರುವುವು. ಎರಕದ್ದು ಬಳಸಿದ ಸಾಬೂನಿನಂತೆ ಮೊಂಡಾಗಿದ್ದು, ಭೂತಗನ್ನಡಿಯಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುವುವು. ಟೊಳ್ಳಾಗಿರಬೇಕಾದ ಗುಂಡಿ ಗಟ್ಟಿಯಾಗಿದ್ದರೆ ತಕ್ಕಡಿಯೇ ಸುಳ್ಳನ್ನು ಬಯಲು ಮಾಡುವುದು. ಹಿತ್ತಾಳೆಯೆಂದ ಗುಂಡಿಯ ಮುಖವನ್ನು ಅಯಸ್ಕಾಂತ ಎಳೆದರೆ ಅದು ಕಬ್ಬಿಣಕ್ಕೆ ಬಣ್ಣ ಕೊಟ್ಟದ್ದು. ಆದರೆ ಪ್ಯೂಟರ್ ಗುಂಡಿಯ ಕೊಂಡಿ ಕಬ್ಬಿಣದ್ದಾದುದರಿಂದ ಅಲ್ಲಿ ಅಯಸ್ಕಾಂತದ ಎಳೆತ ನಕಲಿಯ ಗುರುತಲ್ಲ.

ಕಿಲುಬನ್ನೂ ಕೃತಕವಾಗಿ ಬರಿಸುವರು. ನೂರು ವರ್ಷ ಮಣ್ಣಿನಲ್ಲಿ ಹುಟ್ಟಿದ ಕಿಲುಬು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಒಂದೊಂದೆಡೆ ಒಂದೊಂದು ಬಣ್ಣವಾಗಿರುವುದು. ರಸಾಯನದಿಂದ ಒಂದು ವಾರದಲ್ಲಿ ಬರಿಸಿದ ಹಸಿರು ಎಲ್ಲ ಕಡೆಯೂ ಒಂದೇ ಸಮನಾಗಿದ್ದು, ಒದ್ದೆ ಬಟ್ಟೆಗೆ ಪುಡಿಯಾಗಿ ಬರುವುದು. ಸವೆತವೂ ಹಾಗೆಯೇ. ಧರಿಸಿದ ಗುಂಡಿ ಮುಖದ ಉಬ್ಬುಗಳಲ್ಲಿಯೂ, ಕೊಂಡಿಯೊಳಗೆ ದಾರ ಎಳೆದ ಒಂದೇ ಮಗ್ಗುಲಿನಲ್ಲಿಯೂ ಸವೆಯುತ್ತದೆ. ಅರದಿಂದಲೋ ಮರಳಿನಿಂದಲೋ ಉಜ್ಜಿ ಹಳತು ಮಾಡಿದ ಗುಂಡಿಯ ತಗ್ಗೂ ಉಬ್ಬೂ ಒಂದೇ ಸಮನೆ ಸವೆದಿದ್ದು, ಕೊಂಡಿಯ ಒಳಮೈ ಮಾತ್ರ ಹೊಸದಾಗಿರುತ್ತದೆ. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ; ಕೊಂಡಿಯ ಒಳಗನ್ನು ಹಳತು ಮಾಡಲು ನಕಲಿಯವನಿಗೆ ತಾಳ್ಮೆಯಿರುವುದಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು, ಕಾರ್ಖಾನೆಗಳ ಹಳೆಯ ಅಚ್ಚುಗಳನ್ನೇ ಹೊರತೆಗೆದು ಇತ್ತೀಚೆಗೆ ಬಡಿದ ಗುಂಡಿ. ಅಲ್ಲಿ ಮುಖದ ಮೇಲೆ ದೋಷವೇ ಇರುವುದಿಲ್ಲ. ಬೆನ್ನಿನ ಬರಹ, ಕೊಂಡಿಯ ಬೆಸುಗೆ, ಗಿಲೀಟಿನ ಹೊಸತನ ಇವುಗಳಿಂದಲೇ ನಿರ್ಧರಿಸಬೇಕು.

ಗಿಲೀಟಿನ ಮಾತು ಬಂದುದರಿಂದ ನನ್ನ ತಪ್ಪೊಂದನ್ನು ಇಲ್ಲಿ ಹೇಳಲೇಬೇಕಾಗಿದೆ. ಪ್ರದರ್ಶನ ಮುಗಿದ ಕೆಲವು ದಿನಗಳಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಕಪ್ಪು ಹಿಡಿದ ಗುಂಡಿಯೊಂದನ್ನು ತಂದು ತೋರಿಸಿದನು. ಮುಖದ ಮೇಲೆ ಏನಿದೆಯೆಂದು ಕಾಣುತ್ತಿರಲಿಲ್ಲ. “ಹುಣಸೆಹಣ್ಣು ಬೂದಿ ಹಚ್ಚಿ ಚೆನ್ನಾಗಿ ಉಜ್ಜಿಕೊಂಡು ಬಾ” ಎಂದೆನು. ಮನೆಯ ಹಿತ್ತಾಳೆ ಪಾತ್ರೆಗೆ ನಾವೆಲ್ಲ ಮಾಡುವುದು ಅದನ್ನೇ ಅಲ್ಲವೇ! ಮರುದಿನ ಅವನು ಫಳಫಳಿಸುವ ಗುಂಡಿಯನ್ನು ತಂದನು; ಅದರ ಮೇಲೆ ನಮ್ಮ ಗಂಡಭೇರುಂಡ ಚೆನ್ನಾಗಿ ಕಾಣುತ್ತಿತ್ತು. ನನಗೆ ಸಂತೋಷವೇ ಆಯಿತು. ಅದರ ಮರುದಿನ ಅದೇ ಡಬ್ಬಿಯಲ್ಲಿದ್ದ ಇನ್ನೆರಡನ್ನು, ಉಜ್ಜದೆ, ಅವನು ತಂದನು. ಒಂದು ಹನಿ ಶುದ್ಧ ನೀರು ಹಾಕಿ ಹತ್ತಿಯಿಂದ ಮೆಲ್ಲನೆ ಒತ್ತಿದಾಗ, ಹಕ್ಕಿಯ ಗರಿಗಳ ಸಂದುಗಳಲ್ಲೆಲ್ಲ ಚಿನ್ನ ಮಿನುಗಿತು. ಮೊದಲನೆಯದರಲ್ಲಿಯೂ ಅದು ಇದ್ದಿರಲೇಬೇಕು. ಗಿಲೀಟಿನ ಪದರ ಅತಿ ತೆಳುವಾದುದು. ಬೂದಿಯ ಒರಟಿಗೆ ಅದು ನಿಲ್ಲಲಾರದು. ನೂರು ವರ್ಷ ಉಳಿದಿದ್ದುದನ್ನು ನನ್ನ ಒಂದು ಮಾತು ಕಾಲು ಗಂಟೆಯಲ್ಲಿ ಅಳಿಸಿತು.

ಈ ಮೂರು ಗುಂಡಿಗಳು ಟಿಪ್ಪುವಿನ ಸೈನ್ಯದ್ದೆಂದು ಹಳೆಯ ವಸ್ತುಗಳ ದಲ್ಲಾಳಿಯೊಬ್ಬ ಆ ಮನೆಯವರಿಗೆ ಹೇಳಿ, ೫,೦೦೦ ರೂಪಾಯಿಗೆ ಕೇಳಿದ್ದನಂತೆ. ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆ ಹಣ ಬೇಕಾಗಿದ್ದುದರಿಂದ ಹುಡುಗನ ತಂದೆ ಕೊಟ್ಟುಬಿಡಬೇಕೆಂದಿದ್ದರು. ಆ ಮನೆಯ ಅಜ್ಜಿಗೆ ಮಾತ್ರ ಮನಸ್ಸಿರಲಿಲ್ಲ. ಅವರ ಮನೆಗೆ ನಾನೇ ಹೋದೆನು. ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳುವುದೂ ಇತ್ತು.

ಟಿಪ್ಪುವಿನ ಸೈನ್ಯದ ಗುರುತು ಹುಲಿಯ ಪಟ್ಟೆ. ಗಂಡಭೇರುಂಡ ಮೈಸೂರಿನ ಒಡೆಯರ ಲಾಂಛನ. ಅಲ್ಲದೆ ಉಜ್ಜದ ಗುಂಡಿಗಳ ಬೆನ್ನಿನಲ್ಲಿ ಇಂಗ್ಲಿಷ್ ತಯಾರಕರ ಹೆಸರೂ, ಅದರ ಕೊನೆಗೆ ಮೇಲೆ ಹೇಳಿದ ‘ಲಿಮಿಟೆಡ್’ ಎಂಬ ಹ್ರಸ್ವರೂಪವೂ ಇದ್ದವು. ದಲ್ಲಾಳಿಯ ಕಥೆ ಅಲ್ಲಿಗೆ ಮುಗಿಯಿತು. ಆಗ ಅಜ್ಜಿ, “ನಮ್ಮ ಮಾವನವರು ಬೆಂಗಳೂರಿನಲ್ಲಿ ಕುದುರೆ ಪಟಾಲಂನಲ್ಲಿ ಇದ್ದರು ಅಂತ ನಮ್ಮ ಯಜಮಾನರು ಹೇಳೋರು ಸ್ವಾಮಿ. ಹಡಗು ಹತ್ತಿ ಹೋಗಿದ್ದರಂತೆ” ಎಂದರು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿ, ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಅಶ್ವದಳದೊಡನೆ ಹೈಫಾ ಪಟ್ಟಣವನ್ನು ಗೆದ್ದುದು ನೀವು ಕೇಳಿದ ಸಂಗತಿ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನವರದು. ಹುಡುಗನ ಕಣ್ಣುಗಳು ಆಗಲೇ ಹೈಫಾದಲ್ಲಿದ್ದವು.

ಅವನನ್ನು ನಾನು ಅಲ್ಲಿಯೇ ತಡೆಯಬೇಕಾಯಿತು. ಗಂಡಭೇರುಂಡ ಇಡೀ ಸಂಸ್ಥಾನದ ಲಾಂಛನ, ಕುದುರೆ ದಳವೊಂದರ ಸ್ವತ್ತಲ್ಲ. ಗುಂಡಿಗಳ ಮೇಲೆ ದಳದ ಹೆಸರಿಲ್ಲ. ಲ್ಯಾನ್ಸರ್ ಆಗಿದ್ದರೂ ಆ ದಿನ ಹೈಫಾದಲ್ಲಿಯೇ ಇದ್ದರೆಂದು ಗುಂಡಿ ಹೇಳುವುದಿಲ್ಲ. ಗುಂಡಿ ಹೇಳುವುದಿಷ್ಟು: ಮೈಸೂರು ಸಂಸ್ಥಾನದ ಸಮವಸ್ತ್ರದ್ದು, ೧೮೫೫ಕ್ಕಿಂತ ಹಿಂದಿನದಲ್ಲ, ಧರಿಸಿ ಸವೆದದ್ದು, ಗಿಲೀಟಿನದು. ಅಜ್ಜಿಯ ಮಾತಿಗೆ ಅದು ವಿರೋಧವಾಗಿಲ್ಲ. ಉಳಿದುದಕ್ಕೆ ಹಳೆಯ ಪಿಂಚಣಿ ಕಾಗದವನ್ನೋ, ಬಿಡುಗಡೆಯ ಪತ್ರವನ್ನೋ, ಪದಕವನ್ನೋ ಹುಡುಕಬೇಕು. ಬ್ರಿಟಿಷರು ಕೊಟ್ಟ ಆ ಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರನ್ನೂ ದಳವನ್ನೂ ಒತ್ತುತ್ತಿದ್ದರು. ಪೆಟ್ಟಿಗೆಯ ತಳದಲ್ಲಿ ಅಂತಹ ಬಿಲ್ಲೆಯೇನಾದರೂ ಇದ್ದರೆ, ಅದನ್ನು ದಯಮಾಡಿ ಹುಣಸೆಹಣ್ಣಿನಿಂದ ಉಜ್ಜಬಾರದೆಂದು ಹೇಳಿ ಬಂದೆನು.

ಪೋಷಕರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಹಳೆಯ ಗುಂಡಿಗೆ ಹುಳಿ, ಬೂದಿ, ಬ್ರಾಸೊ, ಆಸಿಡ್ ಯಾವುದೂ ಕೂಡದು. ಒಣಗಿದ ಮಣ್ಣನ್ನು ಮೆತ್ತನೆಯ ಕುಂಚದಿಂದ ಉದುರಿಸಿದರೆ ಸಾಕು. ಸೀಸ ಬೆರೆತ ಪ್ಯೂಟರನ್ನು ಮರದ ಪೆಟ್ಟಿಗೆಯಲ್ಲಿಡಬಾರದು; ಮರದಿಂದ ಹೊರಡುವ ಆಮ್ಲದ ಆವಿ ಅದನ್ನು ಬಿಳಿಯ ಪುಡಿಯಾಗಿಸುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ತೇವವಿಲ್ಲದ ಕಡೆ ಇಟ್ಟು, ಎಲ್ಲಿ, ಯಾವಾಗ, ಯಾರಿಗೆ ಸಿಕ್ಕಿತೆಂಬುದನ್ನು ಅಂದೇ ಬರೆದಿಡಬೇಕು. ಸ್ಥಳದ ಹೆಸರು ಕಳೆದ ಗುಂಡಿ ಅರ್ಧ ಕಳೆದಂತೆಯೇ. ಸಂರಕ್ಷಿತ ಕೋಟೆ ಕೊತ್ತಲಗಳ ಎಲ್ಲೆಯೊಳಗೆ ಅಗೆಯುವುದು ೧೯೫೮ರ ಕಾನೂನಿನ ಪ್ರಕಾರ ಅಪರಾಧ. ೧೯೭೨ರ ಕಾನೂನಿನಂತೆ ನೂರು ವರ್ಷಕ್ಕೆ ಕಡಮೆಯಿಲ್ಲದ, ಚಾರಿತ್ರಿಕ ಮಹತ್ತ್ವದ ವಸ್ತು ಪುರಾವಸ್ತುವಾಗುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ, ಅದರ ವ್ಯಾಪಾರ ಮಾಡುವವನಿಗೆ ಪರವಾನಗಿ ಇರಬೇಕು. ದಲ್ಲಾಳಿ ಮನೆಗೆ ಬಂದಾಗ ಮೊದಲು ಆ ಪರವಾನಗಿಯನ್ನು ತೋರಿಸೆನ್ನಿರಿ. ಆ ಅಜ್ಜಿಯ ಮನೆಯಲ್ಲಿ ಹಾಗೆ ಕೇಳಿದ ಮೇಲೆ ಅವನು ಮತ್ತೆ ಬಂದಿಲ್ಲ. ಶುಲ್ಕದ ಹಣವನ್ನು ನಮ್ಮ ಸಂಘದ ವಿದ್ಯಾರ್ಥಿ ನಿಧಿಯಿಂದ ಕೊಡುವಂತೆ ಕಾರ್ಯದರ್ಶಿಗಳಿಗೆ ಬರೆದಿದ್ದೆನು. ಅವರು ಒಪ್ಪಿ ಕೊಟ್ಟಿದ್ದಾರೆ.

ಈ ಸಾಲಿನ ಪ್ರದರ್ಶನಕ್ಕೆ ಎರಡೂ ಮನೆಯವರು ತಮ್ಮ ಗುಂಡಿಗಳನ್ನು ಕೊಡಲು ಒಪ್ಪಿದ್ದಾರೆ. ಮೊದಲನೆಯದರ ಚೀಟಿಯಲ್ಲಿ ‘೩೩ನೆಯ ರೆಜಿಮೆಂಟು, ಸಿಪಾಯಿಯದು, ೧೮೫೫–೧೮೭೧’ ಎಂದು ಆ ತಂದೆಯವರೇ ತಮ್ಮ ಕೈಯಿಂದ ಬರೆದಿದ್ದಾರೆ. ಗಂಡಭೇರುಂಡದ ಚೀಟಿಯನ್ನು ಏಳನೆಯ ತರಗತಿಯ ಆ ಹುಡುಗ ಬರೆದನು. ಮೂರರಲ್ಲಿ ಒಂದರ ಕೆಳಗೆ ‘ಗಿಲೀಟು ಹೋಗಿದೆ, ಉಜ್ಜಿಸಿದವರು ಮುಖ್ಯೋಪಾಧ್ಯಾಯರು’ ಎಂದು ಸೇರಿಸಲೇ ಎಂದು ಕೇಳಿದನು. ಸೇರಿಸು ಎಂದೆನು.